ಒಣಗಿದ ಹೊಲಿಗೆ ತಿಂಗಳ ಮೇಲೆ ಮತ್ತೆ ಸೋರಿದರೆ: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ?

ಲ್ಯಾಬಿಗೆ ಬಂದ ಚೀಟಿಯಲ್ಲಿ ಒಂದೇ ಸಾಲು ಇತ್ತು: "ಪೋರ್ಟ್ ಜಾಗದ ಕೀವು, ಮೂರನೇ ಸಲ." ಪೋರ್ಟ್ ಅಂದರೆ ಕೀಹೋಲ್ ಆಪರೇಷನ್ನಿಗೆ ಹೊಟ್ಟೆಯಲ್ಲಿ ಮಾಡುವ ಸಣ್ಣ ತೂತು. ಚೀಟಿಯ ಜೊತೆಗೆ ಒಂದು ಹತ್ತಿ ಸ್ವಾಬ್. ಹಿಂದಿನ ಎರಡು ಸಲವೂ ನಾವೇ "ಏನೂ ಬೆಳೆದಿಲ್ಲ" ಅಂತ ರಿಪೋರ್ಟ್ ಕೊಟ್ಟಿದ್ದೆವು. ಎರಡರ ಕೆಳಗೂ ನನ್ನ ಸಹಿ.

ಈ ಸಲ ವಾರ್ಡಿಗೇ ಹೋದೆ. ನಲವತ್ತರ ಆಸುಪಾಸಿನ ಹೆಂಗಸು. ಪಿತ್ತಕೋಶದ ಕಲ್ಲಿಗೆ ಕೀಹೋಲ್ ಆಪರೇಷನ್ ಆಗಿ ಎರಡೂವರೆ ತಿಂಗಳಾಗಿತ್ತು. "ಎಂಟು ದಿನಕ್ಕೆ ಹೊಲಿಗೆ ಬಿಚ್ಚಿದ್ರು ಮೇಡಂ. ಎಲ್ಲ ಚೆನ್ನಾಗಿ ಒಣಗಿತ್ತು. ಗೌರಿ ಹಬ್ಬದ ಹೊತ್ತಿಗೆ ಗಂಟು ಬಂತು" ಎಂದರು. ಹೊಕ್ಕುಳ ಪಕ್ಕದ ತೂತಿನ ಸುತ್ತ ಚರ್ಮ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ನಡುವೆ ಸೂಜಿ ಮೊನೆಯಷ್ಟು ಬಾಯಿ. ಪಕ್ಕಕ್ಕೆ ಮೆಲ್ಲಗೆ ಒತ್ತಿದರೆ ಗಂಜಿ ತಿಳಿಯಂಥ ಒಂದು ಹನಿ. ವಾಸನೆ ಇಲ್ಲ. ಜ್ವರ ಇಲ್ಲ. ಅಷ್ಟರಲ್ಲಿ ಮೂರು ಬಗೆಯ ಆಂಟಿಬಯೋಟಿಕ್ ನುಂಗಿ ಮುಗಿಸಿದ್ದರು.

ಈ ಬರಹ ಇಂಥ ಗಾಯದ ಬಗ್ಗೆ. ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದ ಸರ್ಜನ್‌ಗಳು, ಓಟಿ (ಆಪರೇಷನ್ ಥಿಯೇಟರ್) ಸಿಸ್ಟರ್‌ಗಳು, ಸಣ್ಣ ಊರಿನ ಲ್ಯಾಬ್ ಟೆಕ್ನಿಷಿಯನ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ರೋಗಿಯ ಮನೆಯವರೂ ಓದಬಹುದು. ಆದರೆ ಇದನ್ನು ಓದಿಕೊಂಡು ಔಷಧಿ ಮಾತ್ರ ನೀವೇ ಶುರು ಮಾಡಬೇಡಿ.

ಮೊದಲು ಕ್ಯಾಲೆಂಡರ್ ನೋಡಿ

ಗಾಯ ನೋಡುವುದಕ್ಕೂ ಮೊದಲು ತಾರೀಕು ಕೇಳಿ. ಆಪರೇಷನ್ ಯಾವತ್ತು, ತೊಂದರೆ ಶುರುವಾಗಿದ್ದು ಯಾವತ್ತು?

ಸಾಮಾನ್ಯ ಸೋಂಕು ಸಾಮಾನ್ಯವಾಗಿ ಮೊದಲ ವಾರ ಹತ್ತು ದಿನದಲ್ಲೇ ಮುಖ ತೋರಿಸುತ್ತದೆ. ಗಾಯ ಕೆಂಪಾಗಿ, ಬಿಸಿಯಾಗಿ, ನೋಯುತ್ತದೆ. ಜ್ವರ ಬರಬಹುದು. ದಪ್ಪ ಹಳದಿ ಕೀವು ಬರುತ್ತದೆ. ಹೊಲಿಗೆ ಬಿಚ್ಚಿ ಕೀವು ಹೊರಗೆ ಬಿಟ್ಟು, ಸರಿಯಾದ ಔಷಧಿ ಕೊಟ್ಟರೆ ಇಳಿಯುತ್ತದೆ.

ನಾವು ಹುಡುಕುತ್ತಿರುವುದು ಬೇರೆ. ಗಾಯ ಪೂರ್ತಿ ಒಣಗುತ್ತದೆ. ಮೂರು, ನಾಲ್ಕು, ಆರು ವಾರ ಏನೂ ಇಲ್ಲ. ಕೆಲವೊಮ್ಮೆ ಇನ್ನೂ ತಡ. ಆಮೇಲೆ ಚರ್ಮದ ಕೆಳಗೆ ಹುಣಸೆ ಬೀಜದಷ್ಟು ಗಂಟು ಬರುತ್ತದೆ. ಮುಟ್ಟಿದರೆ ನೋವು. ಕೆಲ ದಿನಕ್ಕೆ ಅದು ಒಡೆದು ತೆಳ್ಳಗೆ ಸೋರುತ್ತದೆ. ಒಡೆದ ಮೇಲೆ ನೋವು ಕಡಿಮೆ ಆಗುವುದರಿಂದ ರೋಗಿಗೂ ಡಾಕ್ಟರಿಗೂ ವಾಸಿಯಾಯಿತು ಅನ್ನಿಸುತ್ತದೆ. ಆಗುವುದಿಲ್ಲ. ಬಾಯಿ ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆಯುತ್ತದೆ. ಸುತ್ತ ಚರ್ಮ ಕಪ್ಪಾಗುತ್ತದೆ. ಪಕ್ಕದಲ್ಲಿ ಇನ್ನೊಂದು ಗಂಟು ಏಳುತ್ತದೆ. ಇಷ್ಟಾದರೂ ರೋಗಿ ಊಟ ಮಾಡಿಕೊಂಡು, ಓಡಾಡಿಕೊಂಡು ಇರುತ್ತಾರೆ. ಮೈಗೆ ಕಾಯಿಲೆಯಿಲ್ಲ, ತೂತಿಗೆ ಮಾತ್ರ ಕಾಯಿಲೆ.

ಈ ನಡವಳಿಕೆ ಕಂಡರೆ "ಈಗ ಯಾವ ಆಂಟಿಬಯೋಟಿಕ್ ಬರೆಯಲಿ" ಅನ್ನುವ ಪ್ರಶ್ನೆ ಪಕ್ಕಕ್ಕಿಡಿ.

ಟಿ.ಬಿ.ಯ ದಾಯಾದಿಗಳು

ಮೈಕೋಬ್ಯಾಕ್ಟೀರಿಯಾ ಅಂದರೆ ಎಲ್ಲರಿಗೂ ನೆನಪಾಗುವುದು ಕ್ಷಯ. ಆ ಕುಟುಂಬದಲ್ಲಿ ನೂರಾರು ಜಾತಿಗಳಿವೆ. ಬಹುಪಾಲು ಮಣ್ಣಿನಲ್ಲಿ, ನೀರಿನಲ್ಲಿ ಸುಮ್ನೆ ಬದುಕಿಕೊಂಡಿರುವಂಥವು. ಇವನ್ನು ಒಟ್ಟಾಗಿ ನಾನ್-ಟ್ಯೂಬರ್ಕ್ಯುಲಸ್ ಮೈಕೋಬ್ಯಾಕ್ಟೀರಿಯಾ, ಚಿಕ್ಕದಾಗಿ ಎನ್‌ಟಿಎಂ ಅನ್ನುತ್ತಾರೆ. ಹೊಟ್ಟೆ ಆಪರೇಷನ್ ಗಾಯಕ್ಕೆ ಕಾಟ ಕೊಡುವುದು ಇವುಗಳಲ್ಲಿ ಬೇಗ ಬೆಳೆಯುವ ಮೂರು: ಫಾರ್ಚುಯಿಟಮ್, ಚೆಲೋನೆ, ಆಬ್ಸೆಸಸ್. ಚೆಲೋನೆ ಅಂದರೆ ಗ್ರೀಕ್‌ನಲ್ಲಿ ಆಮೆ. 1903ರಲ್ಲಿ ಬರ್ಲಿನ್‌ನ ಫ್ರೀಡ್ಮನ್ ಎಂಬ ವೈದ್ಯ ಇದನ್ನು ಮೊದಲು ಕಂಡಿದ್ದು ಆಮೆಯ ಮೈಯಲ್ಲಿ. ತಣ್ಣನೆ ಮೈಯ ಪ್ರಾಣಿಯಲ್ಲಿ ಸಿಕ್ಕಿದ್ದು ಅನ್ನುವುದನ್ನು ನೆನಪಿಡಿ, ಲ್ಯಾಬಿನ ಮಾತಿಗೆ ಬಂದಾಗ ಬೇಕಾಗುತ್ತದೆ.

ಇವುಗಳ ಮೈ ಮೇಲೆ ಮೇಣದಂಥ ದಪ್ಪ ಪದರ. ಅದಕ್ಕೇ ಕ್ಲೋರಿನ್‌ಗೂ ಜಗ್ಗುವುದಿಲ್ಲ, ಹಲವು ಕ್ರಿಮಿನಾಶಕಗಳಿಗೂ ಜಗ್ಗುವುದಿಲ್ಲ. ನಲ್ಲಿಯ ಒಳಗೋಡೆ, ಪೈಪು, ಮೇಲಿನ ಟ್ಯಾಂಕ್, ಎಲ್ಲ ಕಡೆ ಲೋಳೆ ಕಟ್ಟಿಕೊಂಡು ಕೂತಿರುತ್ತವೆ. ನೀವೂ ನಾನೂ ಇವತ್ತು ಬೆಳಿಗ್ಗೆ ಇವುಗಳಲ್ಲೇ ಮುಖ ತೊಳೆದಿದ್ದೇವೆ. ಏನೂ ಆಗುವುದಿಲ್ಲ. ಹೊಟ್ಟೆಯ ಕೊಬ್ಬಿನೊಳಗೆ ತಲುಪಿದರೆ ಮಾತ್ರ ತೊಂದರೆ.

ಎಲ್ಲವನ್ನೂ ಇದರ ತಲೆಗೆ ಕಟ್ಟಬೇಡಿ

ತಡವಾಗಿ ಸೋರುವ ಗಾಯಕ್ಕೆ ಬೇರೆ ಕಾರಣಗಳೂ ಇವೆ. ಒಳಗೆ ಉಳಿದ ಹೊಲಿಗೆ ದಾರದ ಗಂಟು ಎಲ್ಲಕ್ಕಿಂತ ಸಾಮಾನ್ಯ. ಅದನ್ನು ತೆಗೆದರೆ ಸಾಕು, ಗಾಯ ಮುಚ್ಚಿಕೊಳ್ಳುತ್ತದೆ. ಪಿತ್ತಕೋಶ ಹೊರಗೆಳೆಯುವಾಗ ಜಾರಿ ಬಿದ್ದ ಕಲ್ಲು ತೂತಿನ ದಾರಿಯಲ್ಲಿ ಸಿಕ್ಕಿಕೊಂಡಿರಬಹುದು. ಹರ್ನಿಯಾಗೆ ಬಲೆ ಹಾಕಿದ್ದರೆ ಆ ಬಲೆಗೇ ಸಾಮಾನ್ಯ ಬ್ಯಾಕ್ಟೀರಿಯಾ ಹತ್ತಿರಬಹುದು. ನಿಜವಾದ ಟಿ.ಬಿ.ಯೂ ಪೋರ್ಟ್ ಜಾಗದಲ್ಲಿ ಬರುವುದುಂಟು, ನಮ್ಮ ದೇಶದಲ್ಲಂತೂ ಅದನ್ನು ಮರೆಯುವ ಹಾಗಿಲ್ಲ.

ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಪಿತ್ತಕೋಶ ತೆಗೆದ ತೂತಿನಲ್ಲಿ ಗಟ್ಟಿ ಗಂಟು ಬಂದರೆ, ತೆಗೆದ ಪಿತ್ತಕೋಶದ ಬಯಾಪ್ಸಿ ರಿಪೋರ್ಟ್ ಹುಡುಕಿ ಓದಿ. ಒಳಗೆ ಗೊತ್ತಾಗದ ಕ್ಯಾನ್ಸರ್ ಇದ್ದರೆ ಅದು ತೂತಿನಲ್ಲಿ ಬಂದು ಕೂರಬಹುದು. "ಕಲ್ಲು ತಾನೆ" ಅಂತ ಬಯಾಪ್ಸಿಗೇ ಕಳಿಸದೆ ಬಿಟ್ಟಿದ್ದರೆ, ಗಂಟಿನ ತುಂಡು ಪರೀಕ್ಷೆ ಮಾಡಿಸಲೇಬೇಕು.

ಸ್ಯಾಂಪಲ್: ಕೇಸು ಕೈ ತಪ್ಪುವ ಜಾಗ

ನಾನು ನೋಡಿದ ಮಟ್ಟಿಗೆ ತಪ್ಪು ನಡೆಯುವುದು ಹೆಚ್ಚಾಗಿ ಇಲ್ಲೇ.

ಸ್ವಾಬ್ ಬೇಡ. ಮೇಣದ ಮೈಯ ಈ ಬ್ಯಾಕ್ಟೀರಿಯಾ ಹತ್ತಿಗೆ ಅಂಟಿಕೊಂಡು ಅಲ್ಲೇ ಉಳಿಯುತ್ತವೆ. ಗಂಟು ಇನ್ನೂ ಒಡೆದಿಲ್ಲವಾದರೆ ಸಿರಿಂಜಿನಲ್ಲಿ ಕೀವು ಎಳೆಯಿರಿ. ಒಡೆದಿದ್ದರೆ ಬಾಯಿಂದ ಸೋರಿದ್ದನ್ನು ಒರೆಸಿ ಕಳಿಸಬೇಡಿ. ಒಳದಾರಿಯ ಗೋಡೆಯ ತುಂಡು ಕಳಿಸಿ.

ಇನ್ನು ಡಬ್ಬಿ. ಅಭ್ಯಾಸಬಲದಿಂದ ಓಟಿಯಲ್ಲಿ ಯಾವ ತುಂಡು ತೆಗೆದರೂ ಫಾರ್ಮಲಿನ್ ಡಬ್ಬಿಗೆ ಬೀಳುತ್ತದೆ. ಫಾರ್ಮಲಿನ್‌ನಲ್ಲಿ ಮುಳುಗಿದ ತುಂಡಿನಿಂದ ಕಲ್ಚರ್, ಅಂದರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದು, ಆಗುವುದಿಲ್ಲ, ಬ್ಯಾಕ್ಟೀರಿಯಾ ಸತ್ತಿರುತ್ತದೆ. ಎರಡು ತುಂಡು ತೆಗೆಯಿರಿ. ಒಂದು ಫಾರ್ಮಲಿನ್‌ಗೆ, ಪೆಥಾಲಜಿಗೆ. ಇನ್ನೊಂದು ಸ್ಟೆರೈಲ್ ಡಬ್ಬಿಯಲ್ಲಿ ಸ್ವಲ್ಪ ಸ್ಟೆರೈಲ್ ಸಲೈನ್ ಹಾಕಿ, ಮೈಕ್ರೋಬಯಾಲಜಿಗೆ. ನಮ್ಮ ಈ ಕೇಸಿನಲ್ಲಿ ಸರ್ಜನ್ ಸರ್‌ಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದ್ದೆ. ಆದರೂ ಮೊದಲ ತುಂಡು ಫಾರ್ಮಲಿನ್‌ನಲ್ಲೇ ಬಂತು. ಡಬ್ಬಿಗೆ ಹಾಕಿದವರಿಗೆ ಯಾರೂ ಹೇಳಿರಲಿಲ್ಲ ಅಷ್ಟೇ. ಹಾಗಾಗಿ ಸರ್ಜನ್‌ಗೆ ಮಾತ್ರ ಅಲ್ಲ, ಡಬ್ಬಿ ಹಿಡಿಯುವವರಿಗೂ ಹೇಳಿ.

ಚೀಟಿಯಲ್ಲಿ "ಕಲ್ಚರ್" ಎಂದಷ್ಟೇ ಬರೆಯಬೇಡಿ. "ಎನ್‌ಟಿಎಂ ಅನುಮಾನ, ಆಸಿಡ್ ಫಾಸ್ಟ್ ಸ್ಟೇನ್ ಮತ್ತು ಮೈಕೋಬ್ಯಾಕ್ಟೀರಿಯಾ ಕಲ್ಚರ್" ಎಂದು ಬಿಡಿಸಿ ಬರೆಯಿರಿ. ಆಸಿಡ್ ಫಾಸ್ಟ್ ಸ್ಟೇನ್ ಅಂದರೆ ಮೇಣದ ಮೈಯ ಈ ಬ್ಯಾಕ್ಟೀರಿಯಾವನ್ನು ಕೆಂಪಾಗಿ ತೋರಿಸುವ ಬಣ್ಣ. ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಲ್ಯಾಬೇ ಸಾಕ್ಷಿ.

ಲ್ಯಾಬಿನೊಳಗೆ

ಸಾಮಾನ್ಯ ಕೀವಿನ ಪ್ಲೇಟನ್ನು ನಾವು ಎರಡು ದಿನ ನೋಡಿ ಬಿಸಾಡುತ್ತೇವೆ. "ಬೇಗ ಬೆಳೆಯುವ" ಎನ್‌ಟಿಎಂ ಬೇಗ ಅನ್ನುವುದು ಟಿ.ಬಿ.ಗೆ ಹೋಲಿಸಿದರೆ ಮಾತ್ರ. ಟಿ.ಬಿ.ಗೆ ವಾರಗಟ್ಟಲೆ ಬೇಕು, ಇದಕ್ಕೆ ಮೂರರಿಂದ ಏಳು ದಿನ. ಎರಡನೇ ದಿನ ಬಿಸಾಡಿದರೆ ಏನು ಕಾಣುತ್ತದೆ? ಹಿಂದಿನ ಎರಡು "ಏನೂ ಬೆಳೆದಿಲ್ಲ" ಹುಟ್ಟಿದ್ದು ಹಾಗೆ.

ಈ ಸಲ ಸಲೈನ್‌ನಲ್ಲಿ ಬಂದ ಎರಡನೇ ತುಂಡನ್ನು ಅರೆದು ಬ್ಲಡ್ ಅಗಾರ್‌ಗೂ ಎಲ್‌ಜೆ ಬಾಟಲಿಗೂ (ಎರಡೂ ಬ್ಯಾಕ್ಟೀರಿಯಾ ಬೆಳೆಸುವ ಆಹಾರ) ಹಾಕಿದೆವು. ಒಂದು ಜೊತೆ 37 ಡಿಗ್ರಿಯಲ್ಲಿ, ಇನ್ನೊಂದು ಜೊತೆ 30 ಡಿಗ್ರಿಯಲ್ಲಿ. ಆಮೆಯ ನೆನಪಿದೆಯಲ್ಲ? ಚೆಲೋನೆಗೆ ನಮ್ಮ ಮೈ ಬಿಸಿ ಸ್ವಲ್ಪ ಜಾಸ್ತಿ. 30ರ ಹತ್ತಿರ ಅದು ಚೆನ್ನಾಗಿ ಬೆಳೆಯುತ್ತದೆ. ಪ್ಲೇಟು ಒಣಗದಂತೆ ಅಂಚಿಗೆ ಟೇಪ್ ಸುತ್ತಿದೆವು. ನಾಲ್ಕನೇ ದಿನ ಏನೂ ಇರಲಿಲ್ಲ. ಐದನೇ ದಿನ 30 ಡಿಗ್ರಿಯ ಪ್ಲೇಟಿನಲ್ಲಿ ರವೆಯ ಕಾಳಿಗಿಂತ ಚಿಕ್ಕ ಬಿಳಿ ಚುಕ್ಕೆಗಳು. 37ರ ಪ್ಲೇಟು ಇನ್ನೂ ಖಾಲಿ.

ಇಲ್ಲೊಂದು ಗುಂಡಿ ಇದೆ. ಆ ಚುಕ್ಕೆಯನ್ನು ಗ್ರಾಂ ಸ್ಟೇನ್ ಮಾಡಿದರೆ ಕೆಲವು ಸಲ ಬಣ್ಣ ಸರಿಯಾಗಿ ಹಿಡಿಯದ, ಮಣಿ ಪೋಣಿಸಿದಂಥ ಕಡ್ಡಿಗಳು ಕಾಣುತ್ತವೆ. "ಡಿಫ್ತಿರಾಯ್ಡ್, ಚರ್ಮದ ಮೇಲಿನ ಕಸ" ಎಂದು ಬರೆದು ಮುಗಿಸಿಬಿಡುವುದು ಸುಲಭ. ಬರೆಯುವ ಮುಂಚೆ ಒಂದು ಆಸಿಡ್ ಫಾಸ್ಟ್ ಸ್ಟೇನ್ ಮಾಡಿ. ಹತ್ತು ಹದಿನೈದು ನಿಮಿಷದ ಕೆಲಸ. ನಮ್ಮದರಲ್ಲಿ ನೀಲಿಯ ನಡುವೆ ಕೆಂಪು ಕಡ್ಡಿಗಳು ತುಂಬಿಕೊಂಡಿದ್ದವು.

ಇನ್ನೊಂದು ಸಣ್ಣ ಮಾತು ಟೆಕ್ನಿಷಿಯನ್‌ಗಳಿಗೆ. ಕಫಕ್ಕೆ ಮಾಡುವ ಹಾಗೆ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಹೆಚ್ಚು ಹೊತ್ತು ಇಡಬೇಡಿ. ಈ ಜಾತಿಗಳು ಅದರಲ್ಲಿ ಸಾಯುತ್ತವೆ. ಓಟಿಯಲ್ಲಿ ಶುದ್ಧವಾಗಿ ತೆಗೆದ ತುಂಡಿಗೆ ಅದು ಬೇಕಾಗುವುದೂ ಇಲ್ಲ.

ರಿಪೋರ್ಟ್ ಓದುವಾಗ ಎಡವುವ ಜಾಗ

ಕೀವಿನ ಸ್ಲೈಡಿನಲ್ಲಿ ಆಸಿಡ್ ಫಾಸ್ಟ್ ಕಡ್ಡಿ ಸಿಕ್ಕಿತು ಅನ್ನಿ. ತಕ್ಷಣ "ಟಿ.ಬಿ." ಅಂದುಬಿಡುತ್ತಾರೆ. ಬಯಾಪ್ಸಿಯಲ್ಲಿ ಗ್ರಾನುಲೋಮಾ (ಉರಿಯೂತದ ಜೀವಕೋಶಗಳ ಸಣ್ಣ ಗಂಟು) ಅಂತ ಬಂದರಂತೂ ಅನುಮಾನವೇ ಇರುವುದಿಲ್ಲ. ಎರಡೂ ಟಿ.ಬಿ.ಗೆ ಮಾತ್ರ ಮೀಸಲಲ್ಲ. ಅದೇ ಸ್ಯಾಂಪಲ್‌ಗೆ ಸಿಬಿ-ನ್ಯಾಟ್, ಅಂದರೆ ಜೀನ್ ಹುಡುಕುವ ಪರೀಕ್ಷೆ, ಮಾಡಿಸಿ. ಅದು ಟಿ.ಬಿ. ಗುಂಪನ್ನು ಮಾತ್ರ ಹಿಡಿಯುತ್ತದೆ. ಸ್ಲೈಡಿನಲ್ಲಿ ಕಡ್ಡಿಗಳು ಧಾರಾಳವಾಗಿವೆ, ಸಿಬಿ-ನ್ಯಾಟ್ ನೆಗೆಟಿವ್. ಹಾಗಿದ್ದರೆ ಅದು ದಾಯಾದಿಯೇ ಇರಬೇಕು. ಉಲ್ಟಾ ಲೆಕ್ಕ ಮಾತ್ರ ಹಾಕಬೇಡಿ: ಸ್ಲೈಡಿನಲ್ಲಿ ಏನೂ ಕಾಣಲಿಲ್ಲ ಅಂದ ಮಾತ್ರಕ್ಕೆ ಎನ್‌ಟಿಎಂ ಇಲ್ಲ ಅಂತ ಆಗುವುದಿಲ್ಲ. ಕಲ್ಚರ್ ಬರುವ ತನಕ ಬಾಗಿಲು ತೆರೆದಿಡಿ.

ಇದು ಬರೀ ಹೆಸರಿನ ಜಗಳ ಅಲ್ಲ. ಟಿ.ಬಿ. ಮಾತ್ರೆಗಳ ಕಟ್ಟಿನಲ್ಲಿರುವ ಐಸೋನಿಯಾಜಿಡ್, ಪೈರಾಜಿನಮೈಡ್ ಇವುಗಳ ಹತ್ತಿರ ನಡೆಯುವುದಿಲ್ಲ. ರೋಗಿ ತಿಂಗಳುಗಟ್ಟಲೆ ಮಾತ್ರೆ ನುಂಗುತ್ತಾರೆ, ಲಿವರ್‌ಗೆ ಪೆಟ್ಟು ಬೀಳಬಹುದು, ಗಾಯ ಸೋರುತ್ತಲೇ ಇರುತ್ತದೆ. ಇನ್ನು ಮನೆಯೊಳಗಿನ ಕಷ್ಟ ಬೇರೆ. ನಮ್ಮ ಈ ಹೆಂಗಸಿಗೆ ಮಧ್ಯದಲ್ಲಿ ಯಾರೋ "ಟಿ.ಬಿ. ಇರಬಹುದು" ಎಂದಿದ್ದರು. ಮನೆಯಲ್ಲಿ ತಟ್ಟೆ, ಲೋಟ ಬೇರೆ ಮಾಡಿದ್ದರು. ಮೊಮ್ಮಗುವನ್ನು ಎತ್ತಿಕೊಳ್ಳಲು ಬಿಟ್ಟಿರಲಿಲ್ಲ. ರಿಪೋರ್ಟ್ ಬಂದ ದಿನ ಅವರು ಕೇಳಿದ ಮೊದಲ ಪ್ರಶ್ನೆ, "ಮಗೂಗೆ ಅಂಟುತ್ತಾ ಮೇಡಂ?" ಇಲ್ಲ. ಹೀಗೆ ಗಾಯಕ್ಕೆ ಬಂದ ಎನ್‌ಟಿಎಂ ತಟ್ಟೆ ಲೋಟದಿಂದ, ಪಕ್ಕದಲ್ಲಿ ಮಲಗುವುದರಿಂದ ಮನೆಯವರಿಗೆ ಹರಡುವುದಿಲ್ಲ. ಡ್ರೆಸಿಂಗ್ ಮಾಡಿದ ಕೈ ತೊಳೆದುಕೊಂಡರೆ ಸಾಕು.

ಔಷಧಿಯ ಬಗ್ಗೆ ಸ್ವಲ್ಪ

ಜಾತಿ ಗೊತ್ತಾಗದೆ ಔಷಧಿ ಆರಿಸುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಕ್ಲಾರಿಥ್ರೋಮೈಸಿನ್ ಚೆಲೋನೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಫಾರ್ಚುಯಿಟಮ್‌ನಲ್ಲಿ, ಆಬ್ಸೆಸಸ್‌ನ ಹಲವು ತಳಿಗಳಲ್ಲಿ, ಈ ಔಷಧಿಯನ್ನು ಕಂಡ ಮೇಲೆ ಎಚ್ಚರಗೊಳ್ಳುವ ಒಂದು ಜೀನ್ ಇದೆ. ಮೂರನೇ ದಿನ ನೋಡಿದರೆ ಔಷಧಿ ನಡೆಯುತ್ತದೆ ಅನ್ನಿಸುತ್ತದೆ, ಹದಿನಾಲ್ಕನೇ ದಿನ ನೋಡಿದರೆ ನಡೆಯುವುದಿಲ್ಲ. ಅದಕ್ಕೇ ಆಬ್ಸೆಸಸ್‌ಗೆ 14 ದಿನದವರೆಗೆ ಕಾದು ಓದಿದ ರಿಪೋರ್ಟ್ ಕೇಳಬೇಕು. ಅಮಿಕಾಸಿನ್, ಲಿನೆಜೊಲಿಡ್, ಫ್ಲೋರೋಕ್ವಿನೋಲೋನ್, ಡಾಕ್ಸಿಸೈಕ್ಲಿನ್, ಇವೆಲ್ಲ ಜಾತಿ ಮತ್ತು ಸೆನ್ಸಿಟಿವಿಟಿ (ಯಾವ ಔಷಧಿಗೆ ಬಗ್ಗುತ್ತದೆ ಅನ್ನುವ ಪರೀಕ್ಷೆ) ನೋಡಿ ಜೊತೆ ಮಾಡುವ ಔಷಧಿಗಳು. ಒಂದೇ ಔಷಧಿಯಲ್ಲಿ ಓಡಿಸಿದರೆ ಬ್ಯಾಕ್ಟೀರಿಯಾ ಪಳಗಿಬಿಡುವ ಅಪಾಯವಿದೆ.

ಗಾಯ ಜಾಸ್ತಿ ಹರಡಿದ್ದರೆ ಕನಿಷ್ಠ ನಾಲ್ಕು ತಿಂಗಳು ಔಷಧಿ ಬೇಕು. ಅಮಿಕಾಸಿನ್ ಇದ್ದರೆ ಕಿಡ್ನಿ ಮತ್ತು ಕಿವಿ ಪರೀಕ್ಷೆ, ಲಿನೆಜೊಲಿಡ್ ಇದ್ದರೆ ರಕ್ತದ ಕಣಗಳ ಲೆಕ್ಕ, ನಡುನಡುವೆ ಆಗಲೇಬೇಕು. ಕ್ಲಾರಿಥ್ರೋಮೈಸಿನ್‌ನಿಂದ ಬಾಯೆಲ್ಲ ಕಹಿ ಆಗುತ್ತದೆ ಎಂದು ಮೊದಲೇ ಹೇಳಿಬಿಡಿ. ಹೇಳದಿದ್ದರೆ ಎರಡನೇ ವಾರಕ್ಕೆ ಮಾತ್ರೆ ಬಿಡುತ್ತಾರೆ.

ಒಳದಾರಿಯನ್ನು ಬುಡಸಮೇತ ಕೆತ್ತಿ ತೆಗೆಯದೆ ಬರೀ ಮಾತ್ರೆಯಿಂದ ಎಲ್ಲ ಗಾಯವೂ ಮುಚ್ಚುವುದಿಲ್ಲ. ಬಲೆ ಹಾಕಿದ್ದು ಅದಕ್ಕೆ ಸೋಂಕು ತಗುಲಿದ್ದರೆ ಬಲೆ ಸಾಮಾನ್ಯವಾಗಿ ಹೊರಗೆ ಬರಲೇಬೇಕು. ರೋಗಿಗೆ ಇದನ್ನು ಹೇಳುವುದು ಕಷ್ಟ. ಮೂರು ತಿಂಗಳು ಬಿಟ್ಟು ಹೇಳುವುದು ಇನ್ನೂ ಕಷ್ಟ.

ಎರಡನೇ ಕೇಸು ಬಂತಾ? ಹಾಗಾದರೆ ಓಟಿ ಕಡೆ ನಡೆಯಿರಿ

ಒಂದೇ ಕೇಸು ಬಂದರೂ ಹಿಂದಿನ ದಾಖಲೆ ತಿರುವಿ ಹಾಕಬೇಕು. ಎರಡನೆಯದು ಬಂದರೆ ಕೂರುವ ಹಾಗೇ ಇಲ್ಲ. ನಮ್ಮಲ್ಲಿ ಮೂರು ವಾರದೊಳಗೆ ಇನ್ನೊಬ್ಬರು ಬಂದರು, ಅಪೆಂಡಿಕ್ಸ್ ತೆಗೆಸಿಕೊಂಡ ಹುಡುಗ.

ಓಟಿ ರಿಜಿಸ್ಟರ್ ತೆಗೆದು ಒಂದು ಪಟ್ಟಿ ಮಾಡಿ. ತಾರೀಕು, ಯಾವ ಆಪರೇಷನ್, ಆ ದಿನದ ಎಷ್ಟನೇ ಕೇಸು, ಯಾವ ಇನ್‌ಸ್ಟ್ರುಮೆಂಟ್ ಸೆಟ್, ಸೆಟ್ ಹೇಗೆ ಸ್ಟೆರಿಲೈಸ್ ಆಯಿತು. ಪಕ್ಕದಲ್ಲಿ ಅದೇ ಅವಧಿಯ ಓಪನ್ ಆಪರೇಷನ್‌ಗಳನ್ನೂ ಬರೆಯಿರಿ. ಅದೇ ಓಟಿ, ಅದೇ ಸರ್ಜನ್, ಅದೇ ಗಾಳಿ. ಓಪನ್ ಕೇಸುಗಳಲ್ಲಿ ಒಂದೂ ಇಲ್ಲ, ಕೀಹೋಲ್ ಕೇಸುಗಳಲ್ಲೇ ಎಲ್ಲ ಬಂದಿದೆ ಅಂದರೆ ಓಟಿ ಗೋಡೆ ಒರೆಸುವುದು, ಎಸಿ ಬದಲಿಸುವುದು ಬಿಟ್ಟು ಸೀದಾ ಇನ್‌ಸ್ಟ್ರುಮೆಂಟ್ ತೊಳೆಯುವ ಕೋಣೆಗೆ ಹೋಗಿ. ಓಪನ್ ಆಪರೇಷನ್ನಿನ ಕತ್ತರಿ, ಚಿಮಟ ಎಲ್ಲ ಒತ್ತಡದ ಹಬೆಯಲ್ಲಿ ಸ್ಟೆರಿಲೈಸ್ ಮಾಡುವ ಆಟೋಕ್ಲೇವ್‌ಗೆ ಹೋಗುತ್ತವೆ. ಕೀಹೋಲ್ ಸಾಮಾನು ದುಬಾರಿ, ಕೆಲವು ಬಿಸಿ ತಡೆಯುವುದಿಲ್ಲ, ಸೆಟ್ ಒಂದೋ ಎರಡೋ, ದಿನಕ್ಕೆ ನಾಲ್ಕು ಕೇಸು. ಹಾಗಾಗಿ ಎರಡು ಕೇಸಿನ ನಡುವೆ ಗ್ಲುಟರಾಲ್ಡಿಹೈಡ್ ಎಂಬ ಕ್ರಿಮಿನಾಶಕ ದ್ರಾವಣದ ಟ್ರೇನಲ್ಲಿ 20 ನಿಮಿಷ ಮುಳುಗಿಸಿ ತೆಗೆಯುತ್ತಾರೆ.

20 ನಿಮಿಷ ಸೋಂಕು ತಗ್ಗಿಸುವುದಕ್ಕೆ, ಸ್ಟೆರಿಲೈಸ್ ಮಾಡುವುದಕ್ಕಲ್ಲ. ಸ್ಟೆರೈಲ್ ಆಗಬೇಕಾದರೆ ಶೇ. 2ರ ಆಸುಪಾಸಿನ ದ್ರಾವಣದಲ್ಲಿ 10 ಗಂಟೆಯಷ್ಟು ಮುಳುಗಿರಬೇಕು. ದ್ರಾವಣ ಸಿದ್ಧ ಮಾಡಿದ ತಾರೀಕು ಟ್ರೇ ಮೇಲೆ ಬರೆದಿದೆಯಾ? ಸಾಮಾನ್ಯ ಬಗೆಯದು 14 ದಿನಕ್ಕೆ ಮುಗಿಯುತ್ತದೆ. ಒದ್ದೆ ಸಾಮಾನು ಅದ್ದಿ ಅದ್ದಿ ಅದು ಅದಕ್ಕೂ ಮುಂಚೆಯೇ ತೆಳ್ಳಗಾಗಿರಬಹುದು.

ಈಗ ಒಂದು ಗ್ರಾಸ್ಪರ್ (ಕೀಹೋಲಿನ ಉದ್ದನೆ ಚಿಮಟ) ಕೈಗೆ ತೆಗೆದುಕೊಳ್ಳಿ. ನಾನು ಓಟಿ ಸಿಸ್ಟರ್‌ಗೆ ಬಿಚ್ಚಿ ತೋರಿಸಿ ಎಂದೆ. ಹಿಡಿ, ಹೊರಗಿನ ಪ್ಲಾಸ್ಟಿಕ್ ಕೊಳವೆ, ಒಳಗಿನ ಕಡ್ಡಿ, ಮೂರು ಭಾಗ. ಹೊರಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೊಳವೆಯೊಳಗೆ ಉದ್ದ ಬ್ರಷ್ ತೂರಿಸಿ ಎಳೆದರೆ ಕಾಫಿ ಗಸಿಯಂಥ ಕಂದು ಲೋಳೆ ಬಂತು. ಬಿಚ್ಚದೆ ಅದ್ದಿದರೆ ದ್ರಾವಣ ಅಲ್ಲಿಗೆ ತಲುಪುವುದೇ ಇಲ್ಲ. ಆ ಲೋಳೆಯೊಳಗೆ ಬ್ಯಾಕ್ಟೀರಿಯಾ ಬೆಚ್ಚಗಿರುತ್ತದೆ.

ಆದರೆ ನನ್ನ ಮಟ್ಟಿಗೆ ದೊಡ್ಡ ಕಳ್ಳ ಬಕೆಟ್. ಗ್ಲುಟರಾಲ್ಡಿಹೈಡ್ ಮೈಗೆ ತಾಗಬಾರದು, ಹಾಗಾಗಿ ತೆಗೆದ ಸಾಮಾನನ್ನು ತೊಳೆಯಲೇಬೇಕು. "ಕುದಿಸಿದ ನೀರು ಮೇಡಂ, ಬೆಳಿಗ್ಗೆ ನಾನೇ ಕುದಿಸ್ತೀನಿ" ಎಂದರು ಸಿಸ್ಟರ್. ನಿಜವೇ. ಕುದಿಸಿದರೆ ಎನ್‌ಟಿಎಂ ಸಾಯುತ್ತದೆ. ಆಮೇಲೆ ಆ ನೀರು ಮುಚ್ಚಳವಿಲ್ಲದ ಬಕೆಟ್ಟಿಗೆ ಹೋಗುತ್ತದೆ, ಮಧ್ಯಾಹ್ನದವರೆಗೆ ಅಲ್ಲೇ ಇರುತ್ತದೆ. ಅಂಚಿಗೆ ಒಂದು ಮಗ್ ನೇತುಹಾಕಿದ್ದರು. ಆ ಮಗ್ ತೊಳೆಯುವುದು ನಲ್ಲಿ ನೀರಿನಲ್ಲಿ. ನೀರು ಕಡಿಮೆ ಬಿದ್ದರೆ ತುಂಬಿಸುವುದೂ ಅದೇ ನಲ್ಲಿಯಿಂದ.

ಇದು ನಮ್ಮೊಬ್ಬರ ಕಥೆಯಲ್ಲ. ರಾಸಾಯನಿಕದಲ್ಲಿ ಅದ್ದಿದ ಸಾಮಾನು ತೊಳೆಯುವ ನೀರೇ ಮೂಲ ಅಂತ ತೋರಿಸಿದ ಚೆಲೋನೆ ಪ್ರಕರಣ ಭಾರತದಿಂದ 2006ರಲ್ಲೇ ವರದಿಯಾಗಿದೆ. ಬ್ರೆಜಿಲ್‌ನ ರಿಯೋದಲ್ಲಿ 2006-07ರಲ್ಲಿ 60ಕ್ಕೂ ಹೆಚ್ಚು ಆಸ್ಪತ್ರೆಗಳಿಂದ ಸಾವಿರಕ್ಕೂ ಜಾಸ್ತಿ ಶಂಕಿತ ಕೇಸು ಬಂದವು. ಆಬ್ಸೆಸಸ್ ಗುಂಪಿನ ಆ ತಳಿ ಶೇ. 2ರ ಗ್ಲುಟರಾಲ್ಡಿಹೈಡನ್ನೇ ತಡೆದುಕೊಳ್ಳುತ್ತಿತ್ತು. 2009ರಲ್ಲಿ ಆ ದೇಶದ ನಿಯಂತ್ರಣ ಸಂಸ್ಥೆ ಕೀಹೋಲ್ ಸಾಮಾನನ್ನು ದ್ರಾವಣದಲ್ಲಿ ಮುಳುಗಿಸಿ ಸ್ಟೆರಿಲೈಸ್ ಮಾಡುವುದನ್ನೇ ನಿಲ್ಲಿಸಿತು.

ನೀರಿನ ಸ್ಯಾಂಪಲ್ ಕಳಿಸುವಾಗಲೂ ಎಚ್ಚರ. "ನೀರಿನ ರಿಪೋರ್ಟ್ ಸರಿಯಿದೆ" ಎಂದು ತೋರಿಸುವ ಕಾಗದ ಹೆಚ್ಚಾಗಿ ಕೋಲಿಫಾರ್ಮ್ ಪರೀಕ್ಷೆಯದು, ಅಂದರೆ ಚರಂಡಿ ಕೊಳಕಿನ ಬ್ಯಾಕ್ಟೀರಿಯಾ ಹುಡುಕುವುದು. ಕುಡಿಯಲು ಯೋಗ್ಯವಾದ ನೀರಿನಲ್ಲೂ ಎನ್‌ಟಿಎಂ ಇರಬಹುದು. ಆರ್‌ಒ ನೀರು ಕೂಡ ಸ್ಟೆರೈಲ್ ಅಲ್ಲ. ನೀರನ್ನು ಫಿಲ್ಟರ್ ಮೆಂಬ್ರೇನ್‌ನಲ್ಲಿ ಸೋಸಿ, ಆ ಮೆಂಬ್ರೇನ್ ಅನ್ನು ಮೈಕೋಬ್ಯಾಕ್ಟೀರಿಯಾ ಕಲ್ಚರ್‌ಗೆ ಹಾಕಬೇಕು. ನಲ್ಲಿಯ ಒಳಬಾಯಿಯ ಲೋಳೆಯನ್ನೂ ಕೆರೆದು ಕಳಿಸಿ. ನಮ್ಮಲ್ಲಿ ಮಗ್ಗಿನಿಂದಲೂ ನಲ್ಲಿಯಿಂದಲೂ ಚೆಲೋನೆ ಬೆಳೆಯಿತು. ರೋಗಿಯದೂ ಇದೂ ಒಂದೇ ತಳಿ ಅಂತ ಅಷ್ಟರಿಂದಲೇ ಹೇಳಲು ಬರುವುದಿಲ್ಲ, ಅದಕ್ಕೆ ಜೀನ್ ಹೋಲಿಕೆ ಬೇಕು. ನಾವು ಆ ರಿಪೋರ್ಟ್‌ಗೆ ಕಾಯಲಿಲ್ಲ. ಬಕೆಟ್ ಅವತ್ತೇ ಹೊರಗೆ ಹೋಯಿತು.

ಬಿಸಿ ತಡೆಯುವ ಎಲ್ಲ ಸಾಮಾನೂ ಬಿಚ್ಚಿ, ಬ್ರಷ್ ಹಾಕಿ, ಆಟೋಕ್ಲೇವ್‌ಗೆ. ತಡೆಯದವು ಇಟಿಒ (ಎಥಿಲೀನ್ ಆಕ್ಸೈಡ್ ಅನಿಲ) ಅಥವಾ ಪ್ಲಾಸ್ಮಾ ಸ್ಟೆರಿಲೈಸರ್ ಯಂತ್ರಕ್ಕೆ. ಅನಿವಾರ್ಯವಾಗಿ ದ್ರಾವಣ ಬಳಸಿದರೆ ಪೂರ್ತಿ ಹೊತ್ತು ಮುಳುಗಿಸಿ, ಮುಚ್ಚಿದ ಬಾಟಲಿಯ ಸ್ಟೆರೈಲ್ ನೀರಿನಲ್ಲಿ ತೊಳೆಯುವುದು. ಸೆಟ್ ಸಾಲದೆ ದಿನಕ್ಕೆ ನಾಲ್ಕು ಕೇಸು ಎರಡಕ್ಕೆ ಇಳಿಯಿತು. ಮ್ಯಾನೇಜ್‌ಮೆಂಟಿನವರ ಮುಖ ಸಣ್ಣದಾಯಿತು. ಇನ್ನೊಂದು ಸೆಟ್ ಬರುವವರೆಗೂ ಹಾಗೇ ನಡೆಯಿತು.

ಆ ಹೆಂಗಸಿಗೆ ಒಳದಾರಿ ಕೆತ್ತಿ ತೆಗೆದು, ಐದು ತಿಂಗಳು ಔಷಧಿ ಆಯಿತು. ಹೊಕ್ಕುಳ ಪಕ್ಕ ಕಪ್ಪು ಗುರುತು ಉಳಿದಿದೆ, ಸೋರುವುದು ನಿಂತಿದೆ. ಲ್ಯಾಬಿನ ಚೀಟಿಯಲ್ಲಿ ಈಗ ಒಂದು ಖಾನೆ ಜಾಸ್ತಿ ಇದೆ: ಆಪರೇಷನ್ ಆದ ತಾರೀಕು. ಖಾಲಿ ಬಿಟ್ಟು ಕಳಿಸಿದರೆ ನಮ್ಮ ಟೆಕ್ನಿಷಿಯನ್ ಫೋನ್ ಮಾಡಿ ಕೇಳುತ್ತಾನೆ. ಮೂರು ವಾರ ದಾಟಿದ್ದರೆ ಆ ಪ್ಲೇಟಿನ ಅಂಚಿಗೆ ಟೇಪ್ ಸುತ್ತಿ 30 ಡಿಗ್ರಿಯ ಪೆಟ್ಟಿಗೆಯಲ್ಲಿ ಇಡುತ್ತಾನೆ.